ನಫೀಸಮ್ಮನ ಪಾಪಿ ಹೂ

ನಫೀಸಮ್ಮ ಹೂದೋಟ ಮಾಡಿದವಳಲ್ಲ. ಅಂಗಳದಲ್ಲಿ ಹೂ ಆಗಲಿಕ್ಕೆ ಬಿಟ್ಟವಳು. ಸಿದ್ಧಕಟ್ಟೆ ಪೇಟೆಯಿಂದ ಮೂಡುಬಿದಿರೆ ಕಡೆಗೆ ಸ್ವಲ್ಪ ಹೋಗಿ ಎಡಕ್ಕೆ ಇಳಿದರೆ ಅವಳ ಮನೆ. ಗೇಟಿನಿಂದ ಮೆಟ್ಟಿಲವರೆಗಿನ ಜಾಗದಲ್ಲಿ ಸಾಲು ಎಂಬುದಿರಲಿಲ್ಲ, ಪಾತಿ ಎಂಬುದಿರಲಿಲ್ಲ. ಹೋದ ವರ್ಷದ ಕರ್ಣಕುಂಡಲದ ಕಾಯಿ ಸಿಡಿದು ಬೀಜ ಎಲ್ಲಿ ಬಿತ್ತೋ ಅಲ್ಲಿ ಈ ವರ್ಷದ ಗಿಡ. ಕಾಸ್ಮಸ್ ಬಾವಿಕಟ್ಟೆಯ ಸಂದಿನಲ್ಲೂ ಏಳುತ್ತಿತ್ತು. ಅಬ್ಬಲಿಗೆ, ಗೋರಂಟಿ, ಸಂಜೆಮಲ್ಲಿಗೆ, ಹೆಸರು ಗೊತ್ತಿಲ್ಲದ ಒಂದು ನೀಲಿ ಹೂ, ಎಲ್ಲವೂ ಒಂದರ ಮೈಮೇಲೆ ಒಂದು. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಅಡುಗೆಮನೆಯಿಂದ ನೇರ ಅಲ್ಲಿಗೇ ಹೋಗುತ್ತಿತ್ತು. ನಡೆಯುವಾಗ ಕಳೆ ಕಾಲಿಗೆ ಸಿಕ್ಕಿದರೆ ಬಗ್ಗಿ ಕೀಳುವಳು, ಸಿಗದಿದ್ದರೆ ಅದೂ ಇರಲಿ ಎನ್ನುವಳು. ಪಕ್ಕದ ಮನೆಯ ಶಶಿಪ್ರಭಾ ಬೆಳಿಗ್ಗೆ ಬುಟ್ಟಿ ಹಿಡಿದು ಬಂದು ದೇವರಿಗೆ ಬೇಕಾದಷ್ಟು ಕೊಯ್ದುಕೊಂಡು, ಎರಡು ಮಾತು ಆಡಿ ಹೋಗುತ್ತಿದ್ದಳು. ಅಷ್ಟೇ ಅದರ ವೈಭವ.

ಆ ವರ್ಷ ಮಳೆ ಪೂರ್ತಿ ನಿಂತ ಮೇಲೆ ಮಗಳು ಶಬ್ನಾ ಮೂಡುಬಿದಿರೆಯ ನರ್ಸರಿಯಿಂದ ಒಂದು ಪ್ಯಾಕೆಟ್ ಬೀಜ ತಂದಳು. ಬಿ.ಎಡ್. ಮುಗಿಸಿ ಮನೆಯಲ್ಲಿದ್ದಳು ಅವಳು.

"ಇದರ ಹೆಸರೆಂಥ?"

"ಪಾಪಿ."

"ಎಂಥ ಹೆಸರು ಮಾರಾಯ್ತಿ! ಅಂಥ ಪಾಪ ಏನು ಮಾಡಿದೆ ಅದು?"

"ಇಂಗ್ಲಿಷಿನಲ್ಲಿ ಹಾಗೇ ಉಮ್ಮ. ಗಸಗಸೆಯ ಜಾತಿ. ಇದರಿಂದ ಗಸಗಸೆ ಸಿಗುದಿಲ್ಲ, ಬರೀ ಹೂ."

ಬೀಜ ನೋಡಿದರೆ ಬೆರಳಿಗೆ ಅಂಟಿದ ಹುಡಿಯ ಹಾಗೆ ಇತ್ತು. ನಫೀಸಮ್ಮ ಅದನ್ನು ಒಂದು ಹಿಡಿ ಮರಳಿನಲ್ಲಿ ಕಲಸಿ, ಕೋಳಿಗೆ ಅಕ್ಕಿ ಎಸೆದ ಹಾಗೆ ಅಂಗಳದ ತುಂಬ ಎಸೆದುಬಿಟ್ಟಳು. ಚಳಿ ಬೀಳುವ ಹೊತ್ತಿಗೆ ಮಣ್ಣಿನ ಮೇಲೆ ನಸು ಹಸಿರು ಕೂತಿತು.

ನವೆಂಬರ್ ಕೊನೆಗೆ ಅವಳ ಗಂಡ ಅಬ್ದುಲ್ ಶುಕೂರ್ ಬಂದರು. ಈ ಸಲ ರಜೆಗೆ ಬಂದದ್ದಲ್ಲ, ವೀಸಾ ಕ್ಯಾನ್ಸಲ್ ಮಾಡಿಕೊಂಡೇ ಬಂದದ್ದು. ಮೂವತ್ತು ವರ್ಷ ಸೌದಿಯ ಜುಬೈಲಿನ ಒಂದು ಕಂಪನಿಯಲ್ಲಿ ಸೂಪರ್‌ವೈಸರ್ ಎಂದು ಊರಲ್ಲಿ ಹೆಸರಿದ್ದವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುತ್ತಿದ್ದರು. ಆ ಎರಡು ತಿಂಗಳು ಮನೆಯಲ್ಲಿ ಹಬ್ಬ. ದಿನಾ ನೆಂಟರು, ದಿನಾ ಕೋಳಿ, ಸೆಂಟಿನ ಪರಿಮಳ. ಅಂಗಳದಲ್ಲಿ ಏನಿದೆ ಎಂದು ನೋಡಲಿಕ್ಕೆ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. ಹಬ್ಬ ಮುಗಿಯುತ್ತಿತ್ತು, ಅವರು ಹೋಗುತ್ತಿದ್ದರು, ನಫೀಸಮ್ಮ ಹಾಸಿಗೆಯ ಚಾದರ ಒಗೆದು ಹಾಕಿ ಅಂಗಳಕ್ಕೆ ಇಳಿಯುತ್ತಿದ್ದಳು.

ಈಗ ಹಬ್ಬ ಒಂದು ವಾರಕ್ಕೆ ಮುಗಿಯಿತು. ಅವರು ಉಳಿದರು.

ಮೊದಲು ಅವರ ಕಣ್ಣು ಬಿದ್ದದ್ದು ಸ್ವಿಚ್ಚುಗಳ ಮೇಲೆ. ಹಿಂದಿನಿಂದಲೇ ಬಂದು ಆರಿಸುತ್ತಿದ್ದರು. ಆಮೇಲೆ ಅಡುಗೆಮನೆ. "ಬೆಳಿಗ್ಗೆಗೆ ಅಕ್ಕಿಯ ಪತ್ತಿರ್, ಜೊತೆಗೆ ದೋಸೆ, ಎರಡೆರಡು ಯಾಕೆ?" "ಕುಚ್ಚಲಕ್ಕಿ ಅನ್ನಕ್ಕೆ ಇಷ್ಟು ಹೊತ್ತು ಗ್ಯಾಸು ಉರಿಸ್ತೀರಾ?" ಮೀನು ತಾನೇ ತರುತ್ತೇನೆಂದು ಪೇಟೆಗೆ ಹೋದವರು ಸಾರು ಕುದಿದು ಇಳಿದ ಮೇಲೆ ಎರಡು ಚೀಲ ಬೂತಾಯಿ ಹೊತ್ತುಕೊಂಡು ಬರುತ್ತಿದ್ದರು.

"ಮಾಮಿ, ಇಷ್ಟನ್ನು ಯಾರು ಮಾಡುದು?" ಸೊಸೆ ರಶೀನಾ ಅಳುವ ದನಿಯಲ್ಲಿ ಕೇಳುತ್ತಿದ್ದಳು. "ಫ್ರಿಜ್ಜಿನಲ್ಲಿ ಜಾಗ ಇಲ್ಲ. ನೀವು ಒಮ್ಮೆ ಮಾಮನಿಗೆ ಹೇಳಿ."

"ನಾನು ಹೇಳಿದರೆ ನಾಳೆ ಮೂರು ಚೀಲ ಬರ್ತದೆ. ಕೊಡು ಇಲ್ಲಿ."

ಮಗ ಅಸ್ಕರನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಶುಕೂರ್ ಅಲ್ಲಿಗೂ ಹೋಗಿ ಕೂತರು. ಹೆಂಗಸರ ಚಪ್ಪಲಿ ಮುಂದೆ ಇದ್ದದ್ದು ಹಿಂದೆ ಹೋಯಿತು, ಶಾಲೆಯ ಶೂಗಳು ಮುಂದೆ ಬಂದವು. ಕೆಲಸದವ ರಂಜಿತ್‌ನನ್ನು ಎರಡು ಸಲ ಗದರಿಸಿದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಅಸ್ಕರ್ ತಟ್ಟೆ ನೋಡಿಕೊಂಡೇ ಹೇಳಿದ:

"ಉಪ್ಪಾ, ನೀವು ಮನೆಯಲ್ಲಿ ಆರಾಮ ಇರಿ. ಅಂಗಡಿ ನಾನು ನೋಡಿಕೊಳ್ತೇನೆ."

"ಅಂಗಡಿ ಹಾಕಿ ಕೊಟ್ಟದ್ದು ಯಾರು?"

"ನೀವೇ. ಅದಕ್ಕೇ ಹೇಳುದು. ಕೊಟ್ಟ ಮೇಲೆ ಆಯ್ತಲ್ಲ."

ಶುಕೂರ್ ಅರ್ಧ ಊಟದಲ್ಲಿ ಎದ್ದರು. ಮರುದಿನದಿಂದ ಅಂಗಡಿಗೆ ಹೋಗಲಿಲ್ಲ. ಹಿಂದಿನ ಜಗಲಿಯಲ್ಲಿ ಪೇಪರ್ ಹಿಡಿದು ಕೂರತೊಡಗಿದರು. ಮುಂದಿನ ಜಗಲಿಯಲ್ಲಿ ಗಾಳಿ ಬೆಳಕು ಎಲ್ಲ ಇದ್ದರೂ ಅತ್ತ ಕೂರುತ್ತಿರಲಿಲ್ಲ. ಒಳಗಿನಿಂದ ಗೇಟಿಗೆ, ಗೇಟಿನಿಂದ ಒಳಕ್ಕೆ, ಅಂಗಳವನ್ನು ದಾಟುವಾಗ ಎಡಕ್ಕೂ ನೋಡರು, ಬಲಕ್ಕೂ ನೋಡರು.

ನೋಡಿದ ದಿನ ಜಗಳವಾಯಿತು. ನಫೀಸಮ್ಮ ಕುಕ್ಕರುಗಾಲಿನಲ್ಲಿ ಕೂತು ಪಾಪಿ ಗಿಡಗಳ ನಡುವೆ ಒತ್ತಾಗಿ ಎದ್ದಲ್ಲಿ ಒಂದೊಂದು ಕೀಳುತ್ತಿದ್ದಳು. ಕೈ ಮೊಣಕೈವರೆಗೆ ಮಣ್ಣು.

"ಏಳು ಮೇಲೆ," ಎಂದರು ಶುಕೂರ್. "ಇದೆಂಥ ಕಾಡು ಮಾಡಿಟ್ಟಿದ್ದೀ ಮನೆಯ ಎದುರು? ಹಾವು ಬರ್ತದೆ."

"ಇಷ್ಟು ವರ್ಷ ಬಂದ ಹಾವೆಲ್ಲ ಅದರಷ್ಟಕ್ಕೆ ಹೋಗಿದೆ."

"ಇಂಟರ್‌ಲಾಕ್ ಕಲ್ಲು ಹಾಕಿಸುವ. ಅಸ್ಕರನ ಕಾರು ಒಳಗೆ ನಿಲ್ತದೆ. ನೋಡಿದವರಿಗೂ ಗಲ್ಫಿನವರ ಮನೆ ಅಂತ ಕಾಣ್ತದೆ."

"ಕಾರು ಹೊರಗೇ ನಿಲ್ಲಲಿ. ಅದಕ್ಕೆ ಚಳಿ ಆಗುದಿಲ್ಲ."

"ನಫೀಸಾ, ನನ್ನ ಮನೆಯ ಹೆಂಗಸು ಮಣ್ಣಿನಲ್ಲಿ ಹೀಗೆ ಕೂರಬಾರದು. ಅದಕ್ಕಾ ನಾನು ಅಲ್ಲಿ ಹೋಗಿ ಸತ್ತದ್ದು?"

ಆ ಮಾತಿನಲ್ಲಿ ಬೇರೆ ಏನೋ ಇತ್ತು. ಗದರುವ ದನಿಯಾಗಿರಲಿಲ್ಲ ಅದು. ಆದರೆ ನಫೀಸಮ್ಮನಿಗೆ ಆಗ ಕೋಪ ಬಂದಿತ್ತು, ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. "ಈ ಜಾಗ ನನ್ನ ಉಪ್ಪ ನನಗೆ ಕೊಟ್ಟದ್ದು," ಎಂದಳು. "ಮನೆ ನೀವು ಕಟ್ಟಿದ್ದು. ಇಂಟರ್‌ಲಾಕ್ ಮನೆಯ ಒಳಗೆ ಹಾಕಿಸಿ."

ರಶೀನಾ ಕಿಟಕಿಯ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡಳು. ಶುಕೂರ್ ಒಳಗೆ ಹೋದರು. ಎರಡು ದಿನ ಗಂಡ ಹೆಂಡತಿಗೆ ಮಾತಿರಲಿಲ್ಲ. ಚಹಾ ಶಬ್ನಾಳ ಕೈಯಲ್ಲಿ ಹೋಯಿತು, ಖಾಲಿ ಲೋಟ ರಶೀನಾಳ ಕೈಯಲ್ಲಿ ಬಂತು.

ಮಾತು ಮತ್ತೆ ಶುರುವಾದದ್ದು ಒಂದು ಮಧ್ಯಾಹ್ನ. ಅವಳು ಚೆಂಬಿನಲ್ಲಿ ನೀರು ತಂದು ಬಾಡಿದ ಗಿಡಕ್ಕೆ ಹೊಯ್ಯುತ್ತಿದ್ದಾಗ ಬಾಗಿಲಿನಿಂದ ಅವರು ಹೇಳಿದರು: "ಈ ಬಿಸಿಲಿಗೆ ಹೊಯ್ಯಬೇಡ. ಬೇರು ಬೇಯ್ತದೆ."

"ನಿಮಗೆ ಹೇಗೆ ಗೊತ್ತು?"

"ಯಾರಿಗೂ ಗೊತ್ತಿರುವ ಸಂಗತಿ," ಎಂದು ಒಳಗೆ ನಡೆದರು.

ಜನವರಿಯಲ್ಲಿ ಪಾಪಿ ಹೂ ಬಿಟ್ಟಿತು. ಮೊಗ್ಗುಗಳು ಮೊದಲು ತಲೆ ತಗ್ಗಿಸಿ ನಿಂತಿದ್ದವು, ತಪ್ಪು ಮಾಡಿದ ಮಕ್ಕಳ ಹಾಗೆ. ಒಂದು ಬೆಳಿಗ್ಗೆ ನೋಡಿದರೆ ಕತ್ತು ನೆಟ್ಟಗಾಗಿ, ಸಿಪ್ಪೆ ಕಳಚಿ ಬಿದ್ದು, ಪೆಟ್ಟಿಗೆಯಲ್ಲಿ ಮುದುರಿ ಇಟ್ಟ ರೇಶಿಮೆಯನ್ನು ಕೊಡವಿದ ಹಾಗೆ ಎಸಳುಗಳು. ಕೆಂಪು, ನಸುಗೆಂಪು, ಒಂದೆರಡು ಬಿಳಿ. ಶಶಿಪ್ರಭಾ ಬುಟ್ಟಿ ಹಿಡಿದು ಸುಮ್ಮನೆ ನಿಂತಳು. "ಇದನ್ನು ಕೊಯ್ಯಲಿಕ್ಕೆ ಮನಸ್ಸೇ ಬರುದಿಲ್ಲ ನಫೀಸಮ್ಮ," ಎಂದಳು. ಕೊಯ್ದರೂ ಉಳಿಯುವ ಹೂ ಆಗಿರಲಿಲ್ಲ ಅದು. ಬೆಳಿಗ್ಗೆ ಅರಳಿದ್ದು ಮರುದಿನಕ್ಕೆ ಉದುರುತ್ತಿತ್ತು; ಉದುರಿದಲ್ಲಿಯೇ ಬೇರೊಂದು ಕತ್ತೆತ್ತುತ್ತಿತ್ತು.

ಅದೇ ವಾರ ಶಬ್ನಾಳಿಗೆ ಒಂದು ಸಂಬಂಧ ಬಂತು. ಹುಡುಗ ಇಹ್ಸಾನ್, ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಗಲಾಟೆಯಿಲ್ಲದ ಜನ ಎಂದು ಅಸ್ಕರನೇ ವಿಚಾರಿಸಿಕೊಂಡು ಬಂದ. ಫೋಟೋ ನೋಡಿದ ಶಬ್ನಾ ಏನೂ ಹೇಳಲಿಲ್ಲ. ಆದರೆ ಮದುವೆಯಾದ ಮೇಲೂ ಶಾಲೆಯಲ್ಲಿ ಕಲಿಸಲಿಕ್ಕೆ ಅಡ್ಡಿಯಿಲ್ಲವಂತೆ ಎಂದು ಅತ್ತಿಗೆ ಹೇಳಿದಾಗ, ಒಗೆದ ಬಟ್ಟೆ ಮಡಿಸುತ್ತಿದ್ದವಳು ಮಡಿಸಿದ್ದನ್ನೇ ಇನ್ನೊಮ್ಮೆ ಮಡಿಸಿದಳು. ರಶೀನಾ ಅದನ್ನು ನೋಡಿ ಬಂದು ಅತ್ತೆಗೆ ಹೇಳಿದಳು. ನಫೀಸಮ್ಮ ನಕ್ಕಳು. ಶುಕೂರರೂ ಖುಷಿಯಲ್ಲಿದ್ದರು. ಮನೆಯಲ್ಲಿ ತನಗೆ ಒಂದು ಕೆಲಸ ಸಿಕ್ಕಿದ ಹಾಗೆ ಓಡಾಡಿದರು, ಮಾಂಸ ತಂದರು, ಕುರ್ಚಿ ಒರೆಸಿದರು, ಚಾವಡಿಯ ಗೋಡೆಯಲ್ಲಿ ತನ್ನ ಹಳೆಯ ಫೋಟೋವನ್ನು ನೆಟ್ಟಗೆ ಮಾಡಿದರು. ದೊಡ್ಡದೊಂದು ಕಾರಿಗೆ ಒರಗಿ ನಿಂತ ಫೋಟೋ.

ಭಾನುವಾರ ಅವರು ಬಂದರು. ಹುಡುಗ, ಅವನ ತಾಯಿ, ಅಕ್ಕ, ಮತ್ತೆ ಕನ್ಯಾನದಿಂದ ಬಂದ ಸೋದರಮಾವ. ಮಾವ ಕಾರಿನಿಂದ ಇಳಿದವನು ಮೆಟ್ಟಿಲಲ್ಲಿ ನಿಂತ ಶುಕೂರರನ್ನು ನೋಡಿ ಕೈಚಾಚಿ ಓಡಿಯೇ ಬಂದ.

"ಯಾ ಅಲ್ಲಾಹ್, ಶುಕೂರಾಕ! ನಿಮ್ಮ ಮನೆಯಾ ಇದು? ನಾನು ಮೂಸಬ್ಬ ಮಾರಾಯ್ರೆ, ಮೂಸಬ್ಬ!"

ಅಪ್ಪಿಕೊಂಡದ್ದು ಮೂಸಬ್ಬ. ಶುಕೂರರ ಕೈಗಳು ಎರಡೂ ಬದಿಯಲ್ಲಿ ಜೋತುಕೊಂಡೇ ಇದ್ದವು.

ಗಂಡಸರು ಚಾವಡಿಯಲ್ಲಿ ಊಟಕ್ಕೆ ಕೂತರು. ತುಪ್ಪದನ್ನ, ಕೋಳಿ, ನೈಪತ್ತಿರ್. ಪರದೆಯ ಹಿಂದಿನಿಂದ ತಟ್ಟೆ ದಾಟಿಸುತ್ತಿದ್ದ ನಫೀಸಮ್ಮನಿಗೆ ಗಂಡ ಏನೂ ತಿನ್ನದಿರುವುದು ಕಂಡಿತು. ಮೂಸಬ್ಬ "ನಮ್ಮ ಕ್ಯಾಂಪಿನಲ್ಲಿ" ಎಂದಾಗಲೆಲ್ಲ ಅವರು "ಅನ್ನ ಹಾಕಿಕೊಳ್ಳಿ" ಎನ್ನುತ್ತಿದ್ದರು. ಮೂಸಬ್ಬನ ತಟ್ಟೆಯಲ್ಲಿ ಅನ್ನ ಗುಡ್ಡೆಯಾಯಿತು. ಒಳಗೆ ಹುಡುಗನ ತಾಯಿ ಶಬ್ನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನು ತಂದ ಹಲ್ವದ ಡಬ್ಬ ಬಿಚ್ಚಿ ಕೈಯಾರೆ ತಿನ್ನಿಸಿದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಹೊರಡುವಾಗ ಎಲ್ಲರೂ ಅಂಗಳಕ್ಕೆ ಇಳಿದರು. ಮೂಸಬ್ಬ ಹೂಗಳ ಎದುರು ನಿಂತುಬಿಟ್ಟ.

"ಪಾಪಿ! ನಮ್ಮ ಮಣ್ಣಿನಲ್ಲಿ! ಇದು ಶುಕೂರಾಕನ ಕೈಯೇ, ಬೇರೆ ಯಾರಿಂದಲೂ ಆಗುದಿಲ್ಲ." ಅವನು ಹುಡುಗನ ಕಡೆ ತಿರುಗಿದ. "ಗೊತ್ತುಂಟಾ ಇಹ್ಸಾನ್, ಅಲ್ಲಿಯ ಉಸುಕಿನಲ್ಲಿ ಇವರು ಇದನ್ನು ಸಾಲುಸಾಲಾಗಿ ಬೆಳೆಸಿದವರು. ದೊಡ್ಡ ಸಾಹೇಬನ ಹೆಂಡತಿ ಬೇರೆ ಯಾವ ಮಾಲಿಯನ್ನೂ ಬಂಗಲೆಯ ಹತ್ತಿರ ಬಿಡುತ್ತಿರಲಿಲ್ಲ. ಶುಕೂರ್ ಬೇಕು, ಶುಕೂರೇ ಬೇಕು. ನಾನು ಅಡುಗೆಯವ, ಇವರು ಮಾಲಿ. ಹನ್ನೆರಡು ವರ್ಷ ಒಂದೇ ರೂಮಿನಲ್ಲಿದ್ದೆವು."

ಮೂಸಬ್ಬ ನಗುತ್ತಿದ್ದವನು ಒಬ್ಬೊಬ್ಬರ ಮುಖ ನೋಡಿದ. ಅವನ ನಗು ನಿಧಾನಕ್ಕೆ ಇಳಿಯಿತು.

"ಮೂಸಬ್ಬನಿಗೆ ತಮಾಷೆ," ಎಂದರು ಶುಕೂರ್.

ಹುಡುಗನ ತಾಯಿ ಒಳ್ಳೆಯ ಹೆಂಗಸು. ಸುಮ್ಮನಿರಬಹುದಿತ್ತು. "ಅದಕ್ಕೆಂಥ?" ಎಂದಳು. "ಹಲಾಲಾದ ಕೆಲಸ. ನಾಚುವಂಥದ್ದು ಏನುಂಟು ಅದರಲ್ಲಿ?"

ಕಾರು ಹೋಯಿತು. ಶುಕೂರ್ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ನಫೀಸಮ್ಮ ಅಸ್ಕರನನ್ನು ನೋಡಿದಳು. ಅವನು ಮೆಟ್ಟಿಲಿನ ಚಪ್ಪಲಿಗಳನ್ನು ಜೋಡಿಸುತ್ತಿದ್ದ, ಅಂಗಡಿಯಲ್ಲಿ ಜೋಡಿಸುವ ಹಾಗೆ. ಅವಳಿಗೆ ಏನೋ ಹೊಳೆಯಿತು.

"ನಿನಗೆ ಗೊತ್ತಿತ್ತಾ?"

ಅಸ್ಕರ್ ತಲೆ ಎತ್ತಲಿಲ್ಲ. "ಪಿಯುಸಿಯಲ್ಲಿರುವಾಗಲೇ. ನನ್ನ ಕ್ಲಾಸಿನ ಬಾವಾನ ಅಣ್ಣ ಅಲ್ಲಿಂದ ಬಂದವ ಹೇಳಿದ್ದ."

"ರಶೀನಾ, ನಿನಗೆ?"

ರಶೀನಾ ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಶಬ್ನಾ ಗೋಡೆ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು.

"ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗ್ತದೆ ಅಂತ ಉಮ್ಮ."

"ಮಾಲಿಯ ಕೆಲಸಕ್ಕೆ ನನಗೇಕೆ ಬೇಜಾರು?" ನಫೀಸಮ್ಮನ ದನಿ ಏರಿತು. "ನಾನು ಎಂಥವಳು ಅಂತ ತಿಳಿದಿದ್ದೀರಿ ನೀವೆಲ್ಲ?"

ಬುಧವಾರ ಬೆಳ್ತಂಗಡಿಯಿಂದ ಫೋನ್ ಬಂತು. ಹುಡುಗಿ ಎಲ್ಲರಿಗೂ ಒಪ್ಪಿಗೆ, ರಂಜಾನ್ ಕಳೆದ ಮೇಲೆ ನಿಖಾಹ್ ಇಟ್ಟುಕೊಳ್ಳುವ ಎಂದರು. ಫೋನ್ ಎತ್ತಿದ ಅಸ್ಕರ್, ಉಪ್ಪನಿಗೆ ಹೇಳಿ ತಿಳಿಸ್ತೇನೆ ಎಂದು ಇಟ್ಟ. ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದ. ಶುಕೂರ್ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು.

"ಬೇಡ ಅಂತ ಹೇಳು."

"ಯಾಕೆ?"

"ಅಂಗಡಿ ಬಾಡಿಗೆಯದ್ದು. ಮಳೆಗಾಲದಲ್ಲಿ ಬೆಳ್ತಂಗಡಿಗೆ ಹೋಗಿ ಬರುದು ಸುಲಭವಾ? ನಮಗೆ ಸರಿ ಬರುವ ಜನ ಅಲ್ಲ."

"ನನ್ನ ಅಂಗಡಿಯೂ ಬಾಡಿಗೆಯದ್ದೇ. ಮೊನ್ನೆ ಶನಿವಾರದವರೆಗೆ ಸರಿ ಬರುತ್ತಿದ್ದರಲ್ಲ?" ಅಸ್ಕರ್ ಕೈ ತೊಳೆಯದೆಯೇ ಎದ್ದು ನಿಂತ. "ಮೂಸಬ್ಬಾಕ ಬಾಯಿ ಬಿಡದಿದ್ದರೆ ನೀವು ಬೇಡ ಅಂತಿದ್ರಾ ಉಪ್ಪಾ? ಸರಿಯಾಗಿ ಹೇಳಿ."

"ನನ್ನ ಮಗಳನ್ನು ಎಲ್ಲಿ ಕೊಡಬೇಕು ಅಂತ ನೀನು ನನಗೆ ಹೇಳ್ತೀಯಾ?"

"ಅವಳಿಗೆ ಒಪ್ಪಿಗೆ ಉಂಟು. ಅವಳನ್ನು ಕೇಳಿ!"

ಶಬ್ನಾ ಸಾರಿನ ಪಾತ್ರೆ ಹಿಡಿದುಕೊಂಡು ಅಲ್ಲೇ ಇದ್ದಳು. ಶುಕೂರ್ ಅವಳನ್ನು ನೋಡಲಿಲ್ಲ. "ನಾಳೆ ಆ ಮನೆಯಲ್ಲಿ ಒಂದು ಮಾತು ಬಂದರೆ ಮಾಲಿಯ ಮಗಳು ಅಂತ ಕೇಳಬೇಕು ಅವಳು," ಎಂದರು. "ಆ ಹೆಂಗಸು ನನಗೆ ಹಲಾಲು ಹರಾಮು ಹೇಳಿಕೊಟ್ಟದ್ದು ಕೇಳಲಿಲ್ಲವಾ ನೀವು?"

"ಅವರು ಒಳ್ಳೆಯದಕ್ಕೇ ಹೇಳಿದ್ದು," ಎಂದಳು ನಫೀಸಮ್ಮ.

"ನೀನು ಸುಮ್ಮನಿರು. ನಿನ್ನ ಆ ಹೂವಿನಿಂದ ಬಂದದ್ದು ಇಷ್ಟೆಲ್ಲ."

ಅವರೇ ಫೋನ್ ತೆಗೆದುಕೊಂಡರು. ಎಲ್ಲರ ಎದುರೇ, ನಮಗೆ ಆಗಿಬರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಇಟ್ಟರು. ಶಬ್ನಾ ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, ಮುಚ್ಚಳ ಮುಚ್ಚಿ, ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಸುಬ್ಹಿ ನಮಾಜು ಮುಗಿಸಿ ನಫೀಸಮ್ಮ ಚಹಾಕ್ಕೆ ನೀರಿಟ್ಟಾಗ ಅಂಗಳದಲ್ಲಿ ಸದ್ದು ಕೇಳಿಸಿತು. ಬಾಗಿಲಿಗೆ ಬಂದು ನೋಡಿದಳು. ಶುಕೂರ್ ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಗೇಟಿನ ಬದಿಯಿಂದ ಗಿಡ ಕೀಳುತ್ತಾ ಬರುತ್ತಿದ್ದರು. ಕೋಪದಲ್ಲಿ ಕೀಳುವವರು ಎಳೆದು ಬಿಸಾಡುತ್ತಾರೆ. ಇವರು ಹಾಗಲ್ಲ. ಬುಡಕ್ಕೆ ಗುದ್ದಲಿಯ ತುದಿ ಕೊಟ್ಟು ಸಡಿಲ ಮಾಡಿ, ಗಿಡ ಎತ್ತಿ, ಬೇರಿನ ಮಣ್ಣನ್ನು ಮೊಣಕಾಲಿಗೆ ತಟ್ಟಿ ಉದುರಿಸಿ, ಒಂದರ ಮೇಲೆ ಒಂದು ಒಂದೇ ದಿಕ್ಕಿಗೆ ಇಡುತ್ತಿದ್ದರು. ಪಾಪಿಗಳ ರಾಶಿ ಒಂದು, ಕಾಸ್ಮಸ್ ಒಂದು, ಅಬ್ಬಲಿಗೆ ಒಂದು. ಅಂಥ ಅಚ್ಚುಕಟ್ಟಾದ ಕೆಲಸವನ್ನು ಅವಳು ಆ ಅಂಗಳದಲ್ಲಿ ಎಂದೂ ನೋಡಿರಲಿಲ್ಲ. ಓಡಿಹೋಗಿ ಕೈ ಹಿಡಿಯಬೇಕಿತ್ತು. ಕೂಗಬೇಕಿತ್ತು. ಅವಳು ಆ ಕೈಗಳನ್ನೇ ನೋಡುತ್ತಾ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಜೊತೆಗಿದ್ದ ಗಂಡನ ಕೈಗೆ ಇದು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಕರಟುವ ವಾಸನೆ ಬಂದ ಮೇಲೆ ಅವಳು ಒಳಗೆ ಹೋದದ್ದು.

ಶಶಿಪ್ರಭಾ ಬುಟ್ಟಿ ಹಿಡಿದು ಬಂದವಳು ಗೇಟಿನ ಹತ್ತಿರವೇ ನಿಂತಳು. "ಅಯ್ಯೋ, ಎಂಥ ಇದು?" ಎಂದಳು. ಶುಕೂರ್ ಬೆನ್ನು ತಿರುಗಿಸಿ ಕೆಲಸ ಮುಂದುವರಿಸಿದರು. ಅವಳು ಖಾಲಿ ಬುಟ್ಟಿಯಲ್ಲಿ ಹಿಂದೆ ಹೋದಳು, ಆಮೇಲೆ ಬರಲಿಲ್ಲ. ಮಧ್ಯಾಹ್ನಕ್ಕೆ ಅಂಗಳ ಕೆಂಪು ಮಣ್ಣಾಗಿ ಬಿಸಿಲಿಗೆ ಬಿದ್ದಿತ್ತು.

ಆ ಮೇಲಿನ ದಿನಗಳಲ್ಲಿ ನಫೀಸಮ್ಮ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಅಕ್ಕಿ ತೊಳೆದ ನೀರು ಹಿಡಿದುಕೊಂಡು ಅಂಗಳದವರೆಗೆ ಹೋಗಿ ತಿರುಗಿ ಬಂದು ಸಿಂಕಿಗೆ ಚೆಲ್ಲಿದಳು. ಮುಂದಿನ ಜಗಲಿಯಲ್ಲಿ ಕೂತು ಮಣ್ಣು ನೋಡುತ್ತಿದ್ದಳು. ರಶೀನಾ ಎರಡು ಸಲ ಬಂದು ಪಕ್ಕದಲ್ಲಿ ಕೂತಳು.

"ಮಾಮಿ, ಬೆಳ್ತಂಗಡಿಯವರಿಗೆ ನೀವು ಒಂದು ಫೋನ್ ಮಾಡಿ. ಹೆಂಗಸರು ಹೆಂಗಸರು ಮಾತಾಡಿದರೆ ಸರಿಯಾಗಬಹುದು."

"ಮಾಡುವ, ಮಾಡುವ."

"ಯಾವಾಗ?"

"ಮನಸ್ಸು ಸರಿ ಇಲ್ಲ ರಶೀನಾ. ನಾಳೆ ಮಾಡುವ."

ಮನಸ್ಸು ಸರಿಯಾಗಲಿಕ್ಕೆ ಇನ್ನೂ ಒಂದು ವಾರ ಹಿಡಿಯಿತು. ಶುಕೂರ್ ಮಸೀದಿಗೆ ಹೋದ ಹೊತ್ತಿನಲ್ಲಿ ಅವಳು ಶಬ್ನಾಳನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಆ ನಂಬರಿಗೆ ಫೋನ್ ಮಾಡಿದಳು. ಹುಡುಗನ ತಾಯಿ ಸಲಾಂ ಹೇಳಿ ಎಲ್ಲರ ಸೌಖ್ಯ ಕೇಳಿದಳು. ನಫೀಸಮ್ಮ ಗಂಡನ ಪರವಾಗಿ ತಪ್ಪಾಯಿತು ಎಂದಳು, ಅವರಿಗೆ ಆ ದಿನ ಆರೋಗ್ಯ ಸರಿ ಇರಲಿಲ್ಲ ಎಂದಳು, ನಮ್ಮ ಹುಡುಗಿಗೆ ನಿಮ್ಮ ಮನೆ ತುಂಬಾ ಇಷ್ಟವಾಗಿತ್ತು ಎಂದಳು.

"ನೀವು ನಾಲ್ಕು ದಿನ ಮೊದಲು ಮಾಡಬಾರದಿತ್ತಾ?" ಎಂದಳು ಹುಡುಗನ ತಾಯಿ. "ಇಹ್ಸಾನ್ ನಿಮ್ಮ ಫೋನ್ ಬರ್ತದೆ, ಕಾಯುವ ಅಂತಲೇ ಇದ್ದ. ಮೊನ್ನೆ ಶುಕ್ರವಾರ ಮೂಡುಬಿದಿರೆಯಲ್ಲಿ ಮಾತು ಕೊಟ್ಟು ಬಂದೆವು. ಇನ್ನು ಆ ಹುಡುಗಿಯ ಮನೆಯವರಿಗೆ ನಾನು ಏನು ಹೇಳಲಿ, ನೀವೇ ಹೇಳಿ."

ಫೋನ್ ಇಟ್ಟ ಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಶಬ್ನಾ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ನಫೀಸಮ್ಮ ಅವಳ ಕೈ ಹಿಡಿಯಲಿಕ್ಕೆ ಹೋದಳು. ಶಬ್ನಾ ಕೈ ಹಿಂದೆ ಎಳೆದುಕೊಂಡಳು.

"ಉಪ್ಪ ಮಾಡಿದ್ದು ನನಗೆ ಅರ್ಥ ಆಗ್ತದೆ ಉಮ್ಮ. ಅವರಿಗೆ ನಾಚಿಕೆ. ನಿಮಗೆ ಎಂಥ ಆಗಿತ್ತು?"

"ನನಗೆ..."

"ಹೂ ಹೋಯಿತು ಅಂತ ಹತ್ತು ದಿನ ಜಗಲಿಯಲ್ಲಿ ಕೂತಿರಿ. ಅತ್ತಿಗೆ ಬಂದು ಬಂದು ಹೇಳಿದರು. ಪಾಪಿ ಬೀಜ ಬೇಕಾದರೆ ಮುಂದಿನ ವರ್ಷ ನಾನು ಇನ್ನೊಂದು ಪ್ಯಾಕೆಟ್ ತಂದುಕೊಡ್ತಿದ್ದೆ." ಅವಳು ಅಳುತ್ತಿರಲಿಲ್ಲ, ಅದೇ ನಫೀಸಮ್ಮನಿಗೆ ಹೆಚ್ಚು ಚುಚ್ಚಿತು. "ನಿಮ್ಮಿಬ್ಬರ ಜಗಳದಲ್ಲಿ ನನ್ನ ನೆನಪು ಒಬ್ಬರಿಗೂ ಆಗಲಿಲ್ಲ."

ಹುಡುಗಿ ಹೇಳಿದ್ದು ನಿಜವಾಗಿತ್ತು.

ಫೆಬ್ರವರಿ ಮೊದಲ ವಾರ ಶಬ್ನಾ ಮೂಡುಬಿದಿರೆಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಯಾರನ್ನೂ ಕೇಳಲಿಲ್ಲ, ಅಣ್ಣನಿಗೆ ಮಾತ್ರ ಹೇಳಿದಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋಗುವಳು, ಸಂಜೆ ಬಂದು ಕೈಕಾಲು ತೊಳೆದು ಮಕ್ಕಳ ಪುಸ್ತಕ ತಿದ್ದುತ್ತ ಕೂರುವಳು. ಅಪ್ಪನ ಹತ್ತಿರ ಮಾತು ಪೂರ್ತಿ ನಿಂತಿತ್ತು. ಅಮ್ಮನ ಹತ್ತಿರ ಉಪ್ಪು, ಹುಳಿ, ಬುತ್ತಿಯ ಡಬ್ಬ, ಇಷ್ಟಕ್ಕೆ ಬೇಕಾದಷ್ಟೇ ಮಾತು.

ಒಂದು ಭಾನುವಾರ ಮಧ್ಯಾಹ್ನ ಅಸ್ಕರ್ ಮತ್ತು ರಶೀನಾ ಅವಳ ತವರಿಗೆ ಹೋಗಿದ್ದರು. ಮನೆಯಲ್ಲಿ ಮೂವರೇ. ನಫೀಸಮ್ಮ ಗಂಡನಿಗೆ ಮೇಜಿನ ಮೇಲೆ ಬಡಿಸಿದಳು. ಬಂಗುಡೆ ಸಾರು, ಒಣ ಸಿಗಡಿ ಚಟ್ನಿ. ಶಬ್ನಾ ಎಂದಿನಂತೆ ಅಡುಗೆಮನೆಯಲ್ಲೇ ತಿನ್ನುತ್ತೇನೆ ಎಂದು ಅಲ್ಲಿದ್ದಳು.

ಶುಕೂರ್ ಅನ್ನ ಕಲಸಿ ಕಲಸಿ ಬಿಟ್ಟರು. "ಅವಳು ನನ್ನ ಹತ್ತಿರ ಯಾವಾಗ ಮಾತಾಡುದು?" ಎಂದರು.

"ನನ್ನ ಹತ್ತಿರವೇ ಇಲ್ಲ. ನಿಮ್ಮದು ಎಲ್ಲಿಂದ?"

"ನೀನು ಕೂಡ ಏನೂ ಕೇಳಲಿಲ್ಲ. ಅವತ್ತಿನಿಂದ ಒಂದು ಮಾತೂ ಕೇಳಲಿಲ್ಲ."

ನಫೀಸಮ್ಮ ನೀರಿನ ಜಗ್ಗನ್ನು ಕೆಳಗಿಟ್ಟಳು. ಇದಕ್ಕೆ ಅವಳು ಕಾದಿದ್ದಳೋ ಏನೋ, ಮಾತು ತಡೆಯಿಲ್ಲದೆ ಬಂತು.

"ಎಂಥ ಕೇಳುದು? ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು. ಸಿಮೆಂಟು ಬಂತಾ, ಫೀಸು ಕಟ್ಟಿದಿರಾ, ಯಾರಿಗೆ ಜ್ವರ. ಅದಾದ ಮೇಲೆ ನೀವೂ ಸುಮ್ಮನೆ, ನಾನೂ ಸುಮ್ಮನೆ. ಫೋನು ಹಿಡಿದುಕೊಂಡು ನಾನು ಆಲೋಚನೆ ಮಾಡುತ್ತಿದ್ದೆ, ಇನ್ನು ಎಂಥ ಮಾತಾಡುದು ಈ ಮನುಷ್ಯನ ಹತ್ತಿರ ಅಂತ. ಒಮ್ಮೆ ಹೇಳಿದೆ, ಕರ್ಣಕುಂಡಲ ನಾಲ್ಕು ಬಣ್ಣದ್ದು ಆಗಿದೆ ಅಂತ. ನೀವು ಹೇಳಿದಿರಿ, ಸರಿ ಕೇಳುದಿಲ್ಲ, ಆಮೇಲೆ ಮಾಡ್ತೇನೆ ಅಂತ. ಕೇಳಿತ್ತಲ್ಲ ನಿಮಗೆ?"

ಶುಕೂರ್ ತಟ್ಟೆ ನೋಡುತ್ತಿದ್ದರು.

"ನೀವು ಅಲ್ಲಿ ಬೀಜ ಹಾಕುತ್ತಿದ್ದಿರಿ, ನಾನು ಇಲ್ಲಿ ಹಾಕುತ್ತಿದ್ದೆ. ನಮಗೆ ಮಾತಾಡಲಿಕ್ಕೆ ಇದೊಂದು ಇತ್ತಲ್ಲ. ಅದನ್ನೂ ಅಡಗಿಸಿ ಇಟ್ಟಿರಿ."

ಅವರು ತಟ್ಟೆಯತ್ತಲೇ ನೋಡುತ್ತ ಹೇಳತೊಡಗಿದರು.

"ಹೋದದ್ದು ಸ್ಟೋರಿನ ಕೆಲಸ ಅಂತ. ಅಲ್ಲಿ ಹೋದ ಮೇಲೆ ಪೈಪು ಕೈಗೆ ಕೊಟ್ಟರು. ಮೊದಲ ವರ್ಷ ಒಂದು ಗಿಡ ಕೂಡ ಉಳಿಯಲಿಲ್ಲ ನಫೀಸಾ. ಬಿಸಿಲಿಗೆ ಪೈಪು ಮುಟ್ಟಲಿಕ್ಕೆ ಆಗುತ್ತಿರಲಿಲ್ಲ, ಅಂಗೈಯ ತೊಗಲು ಅದಕ್ಕೇ ಅಂಟುತ್ತಿತ್ತು. ಆ ಸಾಹೇಬನ ಹೆಂಡತಿ ಮೇಲಿನ ಕಿಟಕಿಯಿಂದ ಬೆರಳು ತೋರಿಸಿ ತೋರಿಸಿ ಹೇಳುತ್ತಿದ್ದಳು, ಅದು ವಕ್ರ, ಇದು ವಕ್ರ. ಒಮ್ಮೆ ಏನಾಯಿತು ಗೊತ್ತುಂಟಾ..."

ಕೇಳಬೇಕಾದ ಮಾತೇ ಅದು. ಯೌವನವೆಲ್ಲ ಅವಳು ಫೋನಿನ ಈ ತುದಿಯಲ್ಲಿ ಕೂತು ಇಂಥದೊಂದು ಮಾತಿಗಾಗಿ ಕಿವಿ ಕೊಟ್ಟಿದ್ದಳು. ಈಗ ಅದು ಬರುತ್ತಿತ್ತು, ಮೇಜಿನ ಆಚೆ ಬದಿಯಿಂದ, ಅಡ್ಡಿಯಿಲ್ಲದೆ. ಆದರೆ ಅವಳ ಕಿವಿ ಅಡುಗೆಮನೆಯ ಕಡೆಗಿತ್ತು. ಅಲ್ಲಿ ಶಬ್ನಾ ಒಬ್ಬಳೇ ತಿನ್ನುತ್ತಿರುವ ತಟ್ಟೆಯ ಸದ್ದು ಕೇಳುತ್ತಿತ್ತು, ಒಂದು ತುತ್ತು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಮತ್ತೆ ಒಂದು ತುತ್ತು.

"ಊಟ ಮಾಡಿ," ಎಂದಳು ನಫೀಸಮ್ಮ. "ತಣಿಯುತ್ತದೆ."

ಶುಕೂರ್ ಅರ್ಧಕ್ಕೆ ನಿಂತ ಮಾತು ಬಾಯಲ್ಲಿ ಇಟ್ಟುಕೊಂಡೇ ತಲೆ ಎತ್ತಿದರು. ಅವಳು ಸಾರಿನ ಪಾತ್ರೆಯನ್ನು ಅವರ ಕೈಗೆ ಸಿಗುವಲ್ಲಿ ಸರಿಸಿಟ್ಟು, ತನಗೊಂದು ತಟ್ಟೆ ತೆಗೆದುಕೊಂಡು, ಅಡುಗೆಮನೆಗೆ ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತಳು. ಶಬ್ನಾ ಸ್ವಲ್ಪ ಆಚೆ ಸರಿದು ಜಾಗ ಕೊಟ್ಟಳು.